ನಮ್ಮ ಮಾಮಾ ಎಂಬ ಪೈಪು

ನಮ್ಮ ಮಾಮಾ ಮನುಷ್ಯನೇ ಅಲ್ಲ, ಪೈಪು! ಹೊಟ್ಟೆಕಿಚ್ಚಿಗೆ ನಾನು ಕಟ್ಟಿದ ಮಾತಲ್ಲ ಇದು. ಅವನೇ ಎದೆ ತಟ್ಟಿಕೊಂಡು ಹೇಳುತ್ತಾನೆ: ‘ಈ ಕಡಿಂದ ಬಂದದ್ದು ಆ ಕಡಿ ಹೋಗಬೇಕು. ನಡುವ ನಿಂತಾಂವ ಒಂದು ಅಕ್ಷರ ನುಂಗಬಾರದು, ಒಂದು ಅಕ್ಷರ ಉಗುಳಬಾರದು. ನಾ ಪೈಪ್ ಇದ್ದಾಂಗ, ತಿಳೀತಿಲ್ಲೋ?’ ಲೋಕದಲ್ಲಿ ಗಂಡಸರು ತಮ್ಮನ್ನು ಹುಲಿ ಎಂದುಕೊಳ್ಳುತ್ತಾರೆ, ಸಿಂಹ ಎಂದುಕೊಳ್ಳುತ್ತಾರೆ. ಪೈಪು ಎಂದುಕೊಂಡು ಮೀಸೆ ತಿರುವುವ ಗಂಡಸು ಇಡೀ ಕಲಬುರಗಿ ಜಿಲ್ಲೆಯಲ್ಲಿ ಇವನೊಬ್ಬನೇ!

ಈ ಪೈಪು ಮೊನ್ನೆ ಮೊನ್ನೆ ಕಮಲಾಪುರದಲ್ಲಿ ನಮ್ಮ ಚಿಗವ್ವನ ನೌಕರಿಯನ್ನೂ ಮಾನವನ್ನೂ ಉಳಿಸಿತು. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ನೇರ ಅಲ್ಲಿಗೇ ಹೋದರೆ ನಿಮಗೆ ಮಾಮಾನ ಬೆಲೆ ಗೊತ್ತಾಗುವುದಿಲ್ಲ. ಆದ್ದರಿಂದ ಹೊಸ ಗಿರಾಕಿ ಸಿಕ್ಕ ಆಟೋದವನಂತೆ ಸ್ವಲ್ಪ ಸುತ್ತಾಡಿಸಿಯೇ ಕರೆದೊಯ್ಯುತ್ತೇನೆ.

ಮಾಮಾ ಅಂದರೆ ನಮ್ಮವ್ವನ ತಮ್ಮ. ಚಿಗವ್ವ ಅವರಿಬ್ಬರಿಗೂ ತಂಗಿ. ಮಾಮಾ ಕಲಬುರಗಿಯಲ್ಲಿ ನಮ್ಮ ಮನೆಯಲ್ಲೇ ಇದ್ದಾನೆ. ವಯಸ್ಸು ನಲವತ್ತು ದಾಟಿದೆ, ಮದುವೆ ಆಗಿಲ್ಲ. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ ‘ತಾವು ಏನ್ ಕೆಲಸ ಮಾಡ್ತೀರಿ?’ ಎಂದು ಕೇಳಿದರಂತೆ. ‘ನಡುವ ನಿಲ್ತೀನ್ರಿ’ ಅಂದನಂತೆ. ಯಾರು ಕೊಡುತ್ತಾರೆ ಹೆಣ್ಣು?

ನಡುವೆ ನಿಲ್ಲುವುದೆಂದರೆ ಏನು ಎಂಬುದನ್ನು ನಮ್ಮ ಮನೆಯ ನಲ್ಲಿ ಜಗಳದಿಂದ ತಿಳಿಯಬಹುದು. ಮಾಳಿಗೆ ಮೇಲಿನ ಬಾಡಿಗೆಯವರು ನಲ್ಲಿ ಬಿಟ್ಟು ಮರೆಯುತ್ತಾರೆ. ಒಂದು ದಿನ ಅವ್ವ ಮಾಮಾನನ್ನು ಕರೆದು, ‘ಹೋಗಿ ಹೇಳು, ನೀರ್ ತುಂಬಿದ್ ಕೂಡ್ಲೆ ನಲ್ಲಿ ಬಂದ್ ಮಾಡ್ರಿ ಅಂತ,’ ಎಂದಳು. ಆಮೇಲೆ ತನ್ನಷ್ಟಕ್ಕೆ, ‘ಅಬ್ಬಬ್ಬಾ, ಏನ್ ಧಿಮಾಕು ಆಕೀದು!’ ಎಂದು ಗೊಣಗಿದಳು. ಮಾಮಾ ಮೇಲೆ ಹೋದ. ನಾನು ಮೆಟ್ಟಿಲ ಕೆಳಗೆ ಕಿವಿ ಇಟ್ಟುಕೊಂಡು ನಿಂತೆ. ಮೇಲಿನಿಂದ ಮಾಮಾನ ದನಿ ಬಂತು, ಅವ್ವನ ರಾಗದಲ್ಲೇ: ‘ನೀರ್ ತುಂಬಿದ್ ಕೂಡ್ಲೆ ನಲ್ಲಿ ಬಂದ್ ಮಾಡ್ರಿ. ಅಬ್ಬಬ್ಬಾ, ಏನ್ ಧಿಮಾಕು ಆಕೀದು!’

ಐದು ನಿಮಿಷದ ಮೇಲೆ ಇಳಿದು ಬಂದ. ‘ಏನಂದಳೋ?’ ಎಂದು ಅವ್ವ ಕೇಳಿದಳು. ‘ಏನೂ ಅನ್ಲಿಲ್ಲಕ್ಕಾ. ಹಿಂಗ ಮಾಡಿದಳು,’ ಎಂದವನೇ ನಮ್ಮ ಮನೆಯ ಬಾಗಿಲನ್ನು ಹಿಡಿದು ಧಡಾರ್ ಎಂದು ಹಾಕಿದ! ಮೇಲೆ ಎಷ್ಟು ಜೋರಾಗಿ ಹಾಕಿದ್ದರೋ ಅಷ್ಟೇ ಜೋರು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಚೌಕಟ್ಟಿನ ಮೇಲಿನ ಗೋಡೆಯ ಗಿಲಾವು ಕಳಚಿ ಅವ್ವ ಹಸನು ಮಾಡುತ್ತಿದ್ದ ಜೋಳದ ಮೊರದಲ್ಲಿ ಬಿತ್ತು.

ಇಂಥವನನ್ನು ನಂಬಿ ನಾನೂ ಒಮ್ಮೆ ಕೆಟ್ಟೆ. ಪಿಯುಸಿ ಎಂಬ ಮಹಾಯುದ್ಧದ ನಡುವೆ ಒಂದು ದಿನ ಟೆಸ್ಟು ತಪ್ಪಿಸಿಕೊಳ್ಳಬೇಕಾಗಿತ್ತು. ‘ಮಾಮಾ, ಮೇಡಂಗೆ ಒಂದು ಫೋನ್ ಮಾಡು,’ ಎಂದು ಗೋಗರೆದೆ. ಮಾಡಿದ. ‘ನಮಸ್ಕಾರ್ರೀ ಮೇಡಂ. ನಮ್ಮ ಪೋರಿ ಹೇಳ್ಯಾಳ್ರಿ: ಹೊಟ್ಟಿ ಬ್ಯಾನಿ ಅಂತ ಹೇಳು ಮಾಮಾ, ಆ ಮೇಡಂ ಲಗೂನ ನಂಬ್ತಾಳ!’ ನಾನು ಆ ಟೆಸ್ಟನ್ನು ಮೊದಲ ಬೆಂಚಿನಲ್ಲಿ, ಮೇಡಂ ಅವರ ಮೂಗಿನ ಕೆಳಗೇ ಕೂತು ಬರೆದೆ.

ಹೊಟ್ಟೆಪಾಡಿಗೆ ಅವನು ಮಾಡುವುದೂ ಇದೇ ಕೆಲಸ. ಜಗತ್ ಸರ್ಕಲ್ ಹತ್ತಿರದ ಗಲ್ಲಿಯೊಂದರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಮೂರು ಜನ ಒಳಗೆ ನಿಂತರೆ ನಾಲ್ಕನೆಯವನು ಟ್ರಾಫಿಕ್ಕಿನಲ್ಲಿರುತ್ತಾನೆ, ಅಷ್ಟು ದೊಡ್ಡದು! ಇಂಥ ತಕ್ಕಡಿಗಳ ಬೆನ್ನಿಗೆ ಒಂದು ತೂತಿರುತ್ತದೆ. ಅದರಲ್ಲಿ ವೈರು ಸಿಕ್ಕಿಸಿದರೆ ತೂಕದ ಅಂಕಿಗಳು ಒಂದರ ಹಿಂದೊಂದು ಇರುವೆ ಸಾಲಿನಂತೆ ಹೊರಟು ಬರುತ್ತವೆ. ಆ ಅಂಕಿಗಳನ್ನು ಕಂಪ್ಯೂಟರಿಗೆ ಬಿಡುವುದು, ಕಂಪ್ಯೂಟರಿನಿಂದ ನೆಟ್ಟಿಗೆ ಹತ್ತಿಸುವುದು, ನೆಟ್ಟಿನಿಂದ ಎಲ್ಲೋ ಇರುವ ಇನ್ನೊಂದು ಯಂತ್ರದ ಬಾಗಿಲಲ್ಲಿ ಇಳಿಸುವುದು ಮಾಮಾನ ಕಸುಬು. ಯಂತ್ರಕ್ಕೆ ಎಂಥ ಬಾಗಿಲು ಅಂತೀರಾ? ಇರುತ್ತದಂತೆ, ಪ್ರತಿ ಬಾಗಿಲಿಗೂ ನಂಬರು ಇರುತ್ತದಂತೆ. ಮಾಮಾ ಕರಿ ಪರದೆಯ ಮೇಲೆ ಒಂದೇ ಒಂದು ಸಾಲು ಬರೆಯುತ್ತಾನೆ. ಎಡಕ್ಕೊಂದು ವಿಳಾಸ, ಬಲಕ್ಕೊಂದು ವಿಳಾಸ. ಅಷ್ಟೇ! ಎಡದ್ದು ಬಲಕ್ಕೆ ಹರಿಯುತ್ತದೆ, ಬಲದ್ದು ಎಡಕ್ಕೆ ಹರಿಯುತ್ತದೆ. ಆಮೇಲೆ ಕೈಕಟ್ಟಿ ಕೂತು, ಮೊಮ್ಮಕ್ಕಳ ಆಟ ನೋಡುವ ಅಜ್ಜನ ಹಾಗೆ ಅಂಕಿಗಳನ್ನು ನೋಡುತ್ತಾನೆ.

ಒಮ್ಮೆ ಮಾತ್ರ ಹರಿಯಬಾರದ ಕಡೆ ಹರಿದುಬಿಟ್ಟಿತು. ಮೋಮಿನಪುರದ ಒಂದು ಬಿರಿಯಾನಿ ಹೋಟೆಲ್ಲಿನಲ್ಲಿ, ಗಲ್ಲಾದ ಹತ್ತಿರ ಒತ್ತಿದ ಆರ್ಡರು ಒಳಗಿನ ಅಡುಗೆಮನೆಯಲ್ಲಿ ಚೀಟಿಯಾಗಿ ಬೀಳುವ ವ್ಯವಸ್ಥೆಯನ್ನು ಮಾಮಾ ಮಾಡಿಕೊಟ್ಟಿದ್ದ. ಆ ಪ್ರಿಂಟರು ಸರಿ ಇದೆಯೋ ಇಲ್ಲವೋ ನೋಡಲು ತನ್ನ ಅಂಗಡಿಯ ತಕ್ಕಡಿಯಿಂದ ಅದಕ್ಕೆ ಒಂದು ಸಾಲು ಹಾಕಿ, ನಾಲ್ಕು ಅಂಕಿ ಕಳಿಸಿ, ‘ಭಲೇ’ ಅಂದುಕೊಂಡು ಚಹಾ ಕುಡಿಯಲು ಹೋದ. ಸಾಲು ಕಡಿಯುವುದನ್ನು ಮರೆತ. ಗಲ್ಲಿಯ ಬೆಕ್ಕಿಗೆ ಬೆಚ್ಚಗಿನ ತಕ್ಕಡಿ ಕಂಡಿತು. ಏರಿ ಮಲಗಿತು.

ಮಾಮಾ ವಾಪಸು ಬರುವಷ್ಟರಲ್ಲಿ ಫೋನು ಹರಿದು ಹೋಗುವ ಹಾಗೆ ಬಡಿದುಕೊಳ್ಳುತ್ತಿತ್ತು. ಆ ಕಡೆ ಹೋಟೆಲ್ಲಿನ ಅಡುಗೆಯವನು, ಬಾವರ್ಚಿ. ‘ಕ್ಯಾ ಭಾಯಿ, ಯಾರ್ರೀ ಇದು? ಸವಾ ತೀನ್ ಕಿಲೋ, ಸವಾ ತೀನ್ ಕಿಲೋ ಅಂತ ನೂರು ಚೀಟಿ ಬಂದಾವ! ಯಾರದರ ಶಾದಿ ಅದ ಏನು? ಎರಡು ಡೇಗ್ ಒಲಿ ಮ್ಯಾಲ ಇಟ್ಟೀನಿ!’

‘ಇಳಸ್ರೀ ಭಾಯಿ,’ ಎಂದ ಮಾಮಾ, ‘ಅದು ಬೆಕ್ಕು.’

ಬಾವರ್ಚಿ ತಗ್ಗಿದ ದನಿಯಲ್ಲಿ, ‘ತೋಬಾ ತೋಬಾ! ನಮ್ಮ ಹೋಟೆಲ್ ಅಂಥಾದ್ದಲ್ರೀ ಭಾಯಿ!’ ಎಂದ.

ಇಷ್ಟಾದ ಮೇಲೂ ಮಾಮಾನಿಗೆ ನಾಚಿಕೆ ಆಯಿತೆಂದುಕೊಂಡಿರಾ? ‘ಬೆಕ್ಕಿನ ತೂಕ ಗ್ರಾಂ ಸೈತ ತಪ್ಪಿಲ್ಲ ನೋಡು!’ ಎಂದು ಎರಡು ದಿನ ಊರೆಲ್ಲ ಹೇಳಿಕೊಂಡು ತಿರುಗಿದ.

ಈಗ ಕಮಲಾಪುರಕ್ಕೆ ಬನ್ನಿ.

ಕಮಲಾಪುರ ಅಂದರೆ ಕೆಂಪು ಬಾಳೆಹಣ್ಣು. ಒಂದು ಹಣ್ಣು ತಿಂದರೆ ಒಂದು ಹೊತ್ತಿನ ಊಟ ಬೇಡ, ಅಂಥ ಹಣ್ಣು. ನಾನು ಮೂರು ತಿಂದು ಊಟವನ್ನೂ ಮಾಡುತ್ತೇನೆ, ಅದು ಬೇರೆ ಮಾತು. ಅಲ್ಲಿ ರಸ್ತೆ ಪಕ್ಕ ಒಂದು ವೇಬ್ರಿಜ್ ಇದೆ. ನೆಲದ ಮಟ್ಟಕ್ಕೆ ಹಾಸಿದ ದೊಡ್ಡ ಕಬ್ಬಿಣದ ಹಲಗೆ. ಅದರ ಮೇಲೆ ಲಾರಿಯನ್ನೋ ಟ್ರ್ಯಾಕ್ಟರನ್ನೋ ತಂದು ನಿಲ್ಲಿಸಿದರೆ ಗಾಡಿಗೆ ಗಾಡಿಯೇ ತೂಕ ಆಗುತ್ತದೆ. ಮಾಲು ತುಂಬಿದ್ದಾಗ ಒಮ್ಮೆ, ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಇನ್ನೊಮ್ಮೆ. ಮೊದಲಿನದರಲ್ಲಿ ಎರಡನೆಯದು ಕಳೆದರೆ ಮಾಲಿನ ತೂಕ. ಪಕ್ಕದ ಕೋಣೆಯ ಕಿಟಕಿಯಲ್ಲಿ ಕೂತು ಅಂಕಿ ನೋಡಿ ಚೀಟಿ ಹೊಡೆಯುವವಳೇ ನಮ್ಮ ಚಿಗವ್ವ. ಆ ಕುರ್ಚಿಗಾಗಿ ಅವಳು ಎರಡು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಕಲಬುರಗಿಗೆ ಕಂಪ್ಯೂಟರ್ ಕ್ಲಾಸಿಗೆ ಬಂದವಳು. ಲಾರಿ ಡ್ರೈವರುಗಳು ಅವಳೆದುರು ಬೀಡಿ ಆರಿಸಿ ‘ಅಕ್ಕಾರs’ ಎಂದು ಮಾತಾಡಿಸುತ್ತಾರೆ.

ವೇಬ್ರಿಜ್ಜಿನ ಸೌಕಾರ ಇರುವುದು ಕಲಬುರಗಿಯಲ್ಲಿ. ಅಲ್ಲಿ ಕೂತೇ ತೂಕ ನೋಡಬೇಕೆಂಬ ಅವರ ಆಸೆಗೆ ಮಾಮಾನೇ ವೇಬ್ರಿಜ್ಜಿನಿಂದ ಕಲಬುರಗಿಗೆ ಸಾಲು ಹಾಕಿಕೊಟ್ಟಿದ್ದ. ಕಮಲಾಪುರದಲ್ಲಿ ನೆಟ್ಟು ಆಗಾಗ ಸತ್ತು ಸತ್ತು ಹುಟ್ಟುವುದರಿಂದ, ಹೋಗುವ ಅಂಕಿಯನ್ನೆಲ್ಲ ಅಲ್ಲೇ ಒಂದು ಫೈಲಿಗೂ ಸುರಿಯುವಂತೆ ಮಾಡಿದ್ದ. ಹರಿಯುವ ನಲ್ಲಿಯ ಪಕ್ಕದಲ್ಲಿ ಒಂದು ಹಂಡೆ ಇಟ್ಟ ಹಾಗೆ. ಲೈನು ಜೀವಂತ ಇದೆಯೋ ಇಲ್ಲವೋ ತಿಳಿಯಲು ಮೂರನೆಯ ಕವಲೊಂದನ್ನು ತನ್ನ ಅಂಗಡಿಯ ಪರದೆಗೂ ಎಳೆದುಕೊಂಡಿದ್ದ.

ಅವತ್ತು ಬುಧವಾರ. ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಿದ್ದೆ. ಮಾಮಾ ಅಂಗಡಿಯಿಂದ ಅರ್ಧಕ್ಕೆ ಎದ್ದು ಬಂದವನೇ, ‘ಕಮಲಾಪುರದ ಲೈನಿನಾಗ ಏನೋ ಗಡಬಡ ಅದ. ಹೋಗಿ ಬರ್ತೀನಕ್ಕಾ,’ ಎಂದು ಚೀಲ ಹೆಗಲಿಗೆ ಹಾಕಿದ. ‘ಲ್ಯಾಪ್‌ಟಾಪ್ ಹಿಡಿಲಾಕ ಒಬ್ರು ಬೇಕಲ್ಲ ಮಾಮಾ!’ ಎಂದು ನಾನು ತ್ಯಾಗಮೂರ್ತಿಯಂತೆ ಮುಂದೆ ಬಂದೆ. ಅವ್ವ ಬೈಯಲು ಬಾಯಿ ತೆರೆಯುವಷ್ಟರಲ್ಲಿ ನಾವಿಬ್ಬರೂ ಬಸ್ಸಿನಲ್ಲಿದ್ದೆವು.

ವೇಬ್ರಿಜ್ ಮುಂದೆ ಅರ್ಧ ಕಮಲಾಪುರ ನಿಂತಿತ್ತು. ಸರಿ, ಕಾಲು ಕಮಲಾಪುರ ಅಂತಲೇ ಇಟ್ಟುಕೊಳ್ಳಿ. ನಡುವೆ ಬಾಳೆ ತೋಟದ ಮಾಲಕನೊಬ್ಬ ಹೊಟ್ಟೆ ಮುಂದೆ ಮಾಡಿಕೊಂಡು ಕೂಗಾಡುತ್ತಿದ್ದ. ಅವನ ಪಕ್ಕದಲ್ಲಿ ಕಲಬುರಗಿಯಿಂದ ಬಂದ ಸೌಕಾರ. ಕಿಟಕಿಯ ಒಳಗೆ ಚಿಗವ್ವ ತಲೆ ಬಗ್ಗಿಸಿ ಕೂತಿದ್ದಳು.

‘ಮುನ್ನೂರು ಕಿಲೋ!’ ಮಾಲಕ ಹಾರಾಡಿದ. ‘ಹೋದ ಶನಿವಾರ ಇಲ್ಲಿ ತೂಗಿದ ಮಾಲು, ಅದೇ ಮಾಲು ಬ್ಯಾರೆ ಕಡಿ ತೂಗಿದ್ರ ಮುನ್ನೂರು ಕಿಲೋ ಜಾಸ್ತಿ ಬಂದದ! ಈಕಿ ಕೈ ಆಡಿಸ್ಯಾಳ್ರೀ ಸೌಕಾರ್ರೇ! ಇಲ್ಲಾಂದ್ರ ಈಕಿ ಅಣ್ಣ ವೈರ್ ಹಾಕ್ಯಾನಲ್ಲ, ನಡುವ ಅದು ನುಂಗ್ಯಾದ!’

ಸೋಮವಾರದಿಂದ ಇದೇ ನಡೆದಿತ್ತಂತೆ. ಚಿಗವ್ವ ನಮಗೆ ಯಾರಿಗೂ ಒಂದು ಫೋನು ಮಾಡಿರಲಿಲ್ಲ. ಸೌಕಾರ ಕೆಟ್ಟವರಲ್ಲ, ಆದರೆ ಊರ ಬಾಯಿಗೆ ಹೆದರಿದ್ದರು. ‘ನೋಡವ್ವ, ಇವತ್ತ ಖುಲಾಸೆ ಆಗಲಿಲ್ಲಂದ್ರ ಕೀಲಿ ಕೊಟ್ಟು ಬಿಡು,’ ಎನ್ನುತ್ತಿದ್ದರು. ಕೀಲಿ ಗೊಂಚಲು ಆಗಲೇ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು.

ಮಾಮಾ ಜನರನ್ನು ಸರಿಸಿ ಒಳಗೆ ಹೋದ. ತಂಗಿಗೆ ಒಂದು ಸಮಾಧಾನದ ಮಾತು ಆಡುತ್ತಾನೆ ಅಂತ ನೀವು ಕಾಯುತ್ತಿದ್ದರೆ ಕಾಯುತ್ತಲೇ ಇರಿ! ‘ಸರಿ ಅತ್ತಾಗ,’ ಎಂದು ಅವಳ ಕುರ್ಚಿಯಲ್ಲಿ ಕೂತು ಹಂಡೆಯಂಥ ಆ ಫೈಲನ್ನು ತೆರೆದ. ಲಕ್ಷಗಟ್ಟಲೆ ಸಾಲು, ಪ್ರತಿ ಸಾಲಿನಲ್ಲೂ ಹೊತ್ತು ಮತ್ತು ತೂಕ. ಶನಿವಾರದ ಜಾಗ ಹುಡುಕಿದ. ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಮೂಗಿನಲ್ಲಿ ‘ಹೂಂ’ ಎಂದು, ಆ ಫೈಲನ್ನು ಲ್ಯಾಪ್‌ಟಾಪಿಗೂ ಇಳಿಸಿಕೊಂಡು ಎದ್ದು ಹೊರಗೆ ಬಂದು, ಕಿಟಕಿಯ ಮೇಲೆ ಜನರಿಗೆ ಕಾಣುವಂತೆ ಇರುವ ಕೆಂಪು ಅಂಕಿಗಳ ದೊಡ್ಡ ಬೋರ್ಡಿನ ಬೆನ್ನಿನಿಂದ ವೈರು ಕಿತ್ತ!

‘ಏ ಏ, ಏನ್ ಮಾಡ್ಲಾಕತ್ತಿ?’ ಸೌಕಾರ ಹೌಹಾರಿದರು.

‘ಶನಿವಾರ ತೋರಸ್ತೀನ್ರಿ,’ ಎಂದ ಮಾಮಾ.

ಲ್ಯಾಪ್‌ಟಾಪು ನನ್ನ ಅಂಗೈಗಳ ಮೇಲಿತ್ತು. (ಹೇಳಿದೆನಲ್ಲ, ಹಿಡಿಯಲು ಒಬ್ಬರು ಬೇಕೆಂದು!) ಮಾಮಾ ಅದರಿಂದ ಬೋರ್ಡಿಗೆ ಬೇರೆ ವೈರು ಸಿಕ್ಕಿಸಿ ಅದೇ ಒಂದು ಸಾಲು ಬರೆದ: ಎಡಕ್ಕೆ ಫೈಲು, ಬಲಕ್ಕೆ ಬೋರ್ಡು. ಒತ್ತಿದ. ತಕ್ಕಡಿಯ ಮೇಲೆ ಒಂದು ನಾಯಿಯೂ ಇರಲಿಲ್ಲ, ಆದರೂ ಮೇಲೆ ಅಂಕಿಗಳು ಓಡತೊಡಗಿದವು! ಶನಿವಾರದ ಖಾಲಿ ಟ್ರ್ಯಾಕ್ಟರು, ಟ್ರಾಲಿ ಸಮೇತ, ದೆವ್ವದ ಹಾಗೆ ಬಂದು ಹತ್ತಿತು. ಮೂರು ಸಾವಿರದ ನಾನೂರಾ ಇಪ್ಪತ್ತಕ್ಕೆ ಬಂದು ನಿಂತಿತು.

‘ಖಾಲಿ ಗಾಡಿ ಇಷ್ಟs. ಇಲ್ಲಿಗಿ ಚೀಟಿ ಹೊಡೀಬೇಕಿತ್ತು,’ ಎಂದ ಮಾಮಾ. ‘ಆದ್ರ ಡ್ರೈವರ್ ಇನ್ನಾ ಕಿಟಕಿಗಿ ಚೀಟಿ ಕೇಳಾಕ ಬಂದಿಲ್ಲ. ಈಗ ನೋಡ್ರಿ.’

ಅಂಕಿ ಟಪ್ಪಂತ ಅರವತ್ತು ಜಿಗಿಯಿತು. ಎರಡು ಉಸಿರು ಬಿಟ್ಟು ಅರವತ್ತೈದು. ಆಮೇಲೆ ಎಪ್ಪತ್ತು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ‘ಏನಪಾ ಇದು, ಗಾಡಿಗಿ ಬಾವು ಬಂದದೇನು?’ ಎಂದು ಹಿಂದಿನಿಂದ ಯಾರೋ ಅಂದರು.

‘ಮನಷ್ಯಾರು,’ ಎಂದ ಮಾಮಾ. ‘ಹಮಾಲರು ಮಾಲು ಇಳಿಸಿ, ಅಲ್ಲಿ ನಲ್ಲಿಗಿ ಮಾರಿ ತೊಳಕೊಂಡು ಬಂದು ಒಬ್ಬೊಬ್ರೇ ಹಿಂದಿನಿಂದ ಟ್ರಾಲಿ ಹತ್ಯಾರ. ಕಿಟಕಿಗಿ ಇಂಜಿನ್ ಅಷ್ಟೇ ಕಾಣ್ತದ, ಟ್ರಾಲಿ ಹಿಂದ ಕಾಣಂಗಿಲ್ಲ. ಇನ್ನೂ ಒಂದು ಅದ, ತಡೀರಿ.’

ಬೋರ್ಡು ಒಂದು ಕ್ಷಣ ನಡುಗಿತು. ಅಂಕಿ ಒಂದೇ ಹೊಡೆತಕ್ಕೆ ನೂರಾ ಐದು ಕಿಲೋ ಜಿಗಿದು ಮೂರು ಸಾವಿರದ ಏಳುನೂರಾ ಇಪ್ಪತ್ತಕ್ಕೆ ನಿಂತಿತು.

ಇಡೀ ಗುಂಪು ಸೂರ್ಯಕಾಂತಿ ಹೊಲದ ಹಾಗೆ ಒಟ್ಟಿಗೆ ತಿರುಗಿ ತೋಟದ ಮಾಲಕನನ್ನು ನೋಡಿತು. ಅವನು ತನ್ನ ಹೊಟ್ಟೆಯನ್ನು ನೋಡಿಕೊಂಡ.

‘ಮನಿಗಿ ಹೋಗಾಕ ಹತ್ತಿ ಕುಂತಿದ್ನೆಪಾ…’ ಎಂದ, ಮೆಲ್ಲಗೆ.

‘ಶನಿವಾರ ಮುಂಜಾನಿ ಮಾಲು ತೂಗುವಾಗ ಎಲ್ಲಿದ್ರಿ ನೀವು ನಾಲ್ಕೂ ಮಂದಿ?’ ಸೌಕಾರ ಕೇಳಿದರು.

‘ಆವಾಗ…’ ಮಾಲಕ ರಸ್ತೆಯ ಆ ಕಡೆ ಕೈ ತೋರಿಸಿದ. ಆ ಕಡೆ ಮಿರ್ಚಿ ಬಜಿ ಬಂಡಿ ಇತ್ತು. ‘ಪಾಳಿ ಉದ್ದ ಇತ್ತಲ್ರಿ… ಇಳಿದು ಬಜಿ ತಿನ್ನಾಕತ್ತಿದ್ವಿ.’

ಅಂದರೆ ಏನಾಯಿತು? ತುಂಬಿದ ಗಾಡಿಯ ತೂಕಕ್ಕೆ ಮನುಷ್ಯರಿಲ್ಲ, ಖಾಲಿ ಗಾಡಿಯ ತೂಕದಲ್ಲಿ ನಾಲ್ಕು ಮನುಷ್ಯರು! ಮುನ್ನೂರು ಕಿಲೋ ಬಾಳೆಹಣ್ಣನ್ನು ಯಾರೂ ಕದ್ದಿರಲಿಲ್ಲ. ಮಾಲಕ ತನ್ನ ಹಣ್ಣಿನ ಮೇಲೆ ತಾನೇ ಕೂತು ಅದನ್ನು ಮಾಯ ಮಾಡಿದ್ದ. ನಂಬದವರಿಗಾಗಿ ಬೋರ್ಡಿನ ಮೊದಲಿನ ವೈರು ಸಿಕ್ಕಿಸಿ, ಅದೇ ಟ್ರ್ಯಾಕ್ಟರು ತರಿಸಿ, ಅದೇ ನಾಲ್ವರನ್ನು ಹತ್ತಿಸಿ ತೋರಿಸಿದ್ದೂ ಆಯಿತು. ಮಾಲಕ ಹತ್ತಿದಾಗ ನೂರಾ ಹತ್ತು ತೋರಿಸಿತು. ‘ಶನಿವಾರದಿಂದ ಐದು ಕಿಲೋ ಏರ್ಯಾರ!’ ಎಂದು ಬಜಿ ಬಂಡಿಯವನು ಕೂಗಿದ. ಬಿದ್ದ ನಗೆಗೆ ವೇಬ್ರಿಜ್ಜೇ ಐದು ಕಿಲೋ ಅಲ್ಲಾಡಿರಬೇಕು! ಆಮೇಲೆ ಊರವರೆಲ್ಲ ಪಾಳಿ ಹಚ್ಚಿ ತಮ್ಮ ತಮ್ಮ ತೂಕ ನೋಡಿಕೊಂಡರು.

ಮಾಲಕ ಕಿಟಕಿಯ ಮುಂದೆ ಬಂದು ನಿಂತ. ‘ತಪ್ಪಾತವಾ ತಂಗಿ. ಬಾಯಿಗಿ ಬಂದಾಂಗ ಅಂದೆ,’ ಎಂದ.

‘ನಂದೂ ತಪ್ಪದರೀ,’ ಎಂದಳು ಚಿಗವ್ವ. ‘ಅಂಕಿ ನಿಂತ್ರ ಚೀಟಿ ಹೊಡೀತಿದ್ದೆ. ಒಮ್ಮಿ ಎದ್ದು ಹೊರಗ ನೋಡಬೇಕಿತ್ತು.’ ಸೌಕಾರ ಕೀಲಿ ಗೊಂಚಲನ್ನು ಎತ್ತಿ ಅವಳ ಕಡೆ ಸರಿಸಿದರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗಂತೂ ನನ್ನ ಎದೆಯ ಮೇಲಿಂದಲೇ ಒಂದು ಟ್ರ್ಯಾಕ್ಟರು ಇಳಿದುಹೋದ ಹಾಗಾಯಿತು, ಟ್ರಾಲಿ ಸಮೇತ!

ವಾಪಸು ಬರುವ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಒಂದು ಗೊನೆಯಷ್ಟು ಕೆಂಪು ಬಾಳೆ. ಎರಡನೆಯ ಹಣ್ಣು ಸುಲಿಯುತ್ತ ಕೇಳಿದೆ: ‘ಅಲ್ಲ ಮಾಮಾ, ಲೈನಿನಾಗ ಗಡಬಡ ಅದ ಅಂದಿ. ಲೈನ್ ಛಲೋನೇ ಇತ್ತಲ್ಲ? ಈ ಜಗಳದ ಸುದ್ದಿ ನಿನಗ ಯಾರ್ ಹೇಳಿದ್ರು?’

‘ಯಾರೂ ಹೇಳಿಲ್ಲ.’

‘ಮತ್ತ?’

ಮಾಮಾ ಕಿಟಕಿಯ ಹೊರಗೆ ನೋಡುತ್ತ ಬಿಡಿಸಿ ಬಿಡಿಸಿ ಹೇಳಿದ. ದಿನಾ ಬೆಳಿಗ್ಗೆ ಮೊದಲ ಗಾಡಿ ಬರುವ ಮುಂಚೆ ಚಿಗವ್ವ ಕಸಬರಿಗೆ ಹಿಡಿದು ಆ ಕಬ್ಬಿಣದ ಹಲಗೆಯ ಮೇಲಿನ ಮಣ್ಣು ಗುಡಿಸುತ್ತಾಳೆ. ಆಗ ಅವನ ಅಂಗಡಿಯ ಪರದೆಯ ಮೇಲೆ ಸೊನ್ನೆ ಹೋಗಿ ಐವತ್ತೈದು ಬರುತ್ತದೆ. ಗುಡಿಸುವವಳು ಬಗ್ಗಿ ಎದ್ದು ಮಾಡುವುದರಿಂದ ಅಂಕಿ ನಿಲ್ಲುವುದಿಲ್ಲ: ಐವತ್ತು, ಅರವತ್ತು, ಐವತ್ತೈದು ಎಂದು ಕುಣಿಯುತ್ತದೆ. ಹತ್ತು ನಿಮಿಷ ಕುಣಿದು ಮತ್ತೆ ಸೊನ್ನೆ. ‘ಎದ್ದಾಳ, ಆರಾಮ ಇದ್ದಾಳ’ ಅಂದುಕೊಂಡು ಇವನು ಚಹಾ ಮುಗಿಸುತ್ತಾನೆ. ಲೈನು ಹಾಕಿದಾಗಿನಿಂದ ಇವನು ಒಂದು ದಿನವೂ ನೋಡುವುದನ್ನು ತಪ್ಪಿಸಿಲ್ಲವಂತೆ!

‘ಮಂಗಳವಾರ ಅಂಕಿ ಕುಣೀಲಿಲ್ಲ, ಸೊನ್ನಿ ಸೊನ್ನಿನೇ ಇತ್ತು,’ ಎಂದ. ‘ಐವತ್ತೈದು ಇದ್ದಾಕಿ ಇವತ್ತು ಐವತ್ತಕ್ಕ ಇಳದಾಳ. ಐವತ್ತು, ಐವತ್ತು, ಐವತ್ತು… ಅರ್ಧ ತಾಸು. ಕಸಬರಿಗಿ ಹಿಡದಾಕಿ ಅರ್ಧ ತಾಸು ಒಂದೇ ಕಡಿ ನಿಂತಾಳಂದ್ರ, ಏನರ ಆಗಿರಬೇಕಲ್ಲೇನು?’

ನನಗೆ ಬಾಯಲ್ಲಿದ್ದ ಹಣ್ಣು ನುಂಗುವುದು ಮರೆತುಹೋಯಿತು.

ಗುರುವಾರದಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ನಾನೂ ಅಂಗಡಿಗೆ ಹೋಗಿ ಅವನ ಪಕ್ಕದ ಸ್ಟೂಲಿನ ಮೇಲೆ ಕೂರತೊಡಗಿದೆ. ಗುರುವಾರ ಅಂಕಿ ಕುಣಿಯಿತು, ಆದರೆ ನಿಂತಾಗ ಐವತ್ತೇ. ಶುಕ್ರವಾರವೂ ಐವತ್ತೇ. ‘ಐದೈದು ಕಿಲೋಕ್ಕ ಒಮ್ಮಿ ಜಿಗಿಯೋ ಮಷೀನ್ ಅದು. ಐವತ್ತು ಐವತ್ತೈದರ ಗಡಿ ಮ್ಯಾಲ ಇದ್ದಾಳ, ತಡಿ,’ ಎಂದ ಮಾಮಾ. ಅವನು ಅದನ್ನು ನನಗೆ ಹೇಳಿದನೋ ತನಗೇ ಹೇಳಿಕೊಂಡನೋ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ಸೊನ್ನೆ ಹೋಗಿ ಐವತ್ತು ಬಂತು. ಕುಣಿಯಿತು. ಐವತ್ತು, ಅರವತ್ತು, ಐವತ್ತು. ಕಮಲಾಪುರದಲ್ಲಿ ಚಿಗವ್ವ ಬಹುಶಃ ನಡು ನೆಟ್ಟಗೆ ಮಾಡಿಕೊಂಡು ಒಂದು ಗಳಿಗೆ ಸುಮ್ಮನೆ ನಿಂತಳು. ಅಂಕಿಯೂ ನಿಂತಿತು.

ಐವತ್ತೈದು.

‘ಉಂಡಾಳ,’ ಎಂದ ಮಾಮಾ. ಆರಿ ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.